ಮೇಜಿನ ಮೇಲೆ ಮಾಂಡವಿ

ಗೋವೆಯ ಸಾಂಗೆಯಲ್ಲಿ ಜುಲೈ ಮಳೆ ಹಿಡಿದರೆ ಹೊರಗೆ ಹೋಗುವುದು ಕಷ್ಟ, ಮಾತು ಬೆಳೆಯುವುದು ಸುಲಭ. ಇಲ್ಲಿ ಮಾತಾಡುವವರು ಮಾವ ಮತ್ತು ಅಳಿಯ. ಮಾವ ಅಂಕೋಲೆ ಕಡೆಯವರು, ಅದಿರು ಸಾಗಿಸುವ ಬಾರ್ಜುಗಳ ಎಂಜಿನ್ ಕೋಣೆಯಲ್ಲಿ ದುಡಿದು ಇಲ್ಲೇ ನೆಲೆನಿಂತವರು. ಅಳಿಯನಿಗೆ ಬೆಂಗಳೂರಿನಲ್ಲಿ ಕೆಲಸ, ಮೇಜಿನ ಮೇಲೆ ಬೊಂಬೆ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುವ ಹುಚ್ಚು.

– ಇದೇನು ಮಾರಾಯ, ಊಟದ ಮೇಜಿನ ಅರ್ಧ ಇದಕ್ಕೇ ಹೋಯ್ತಲ್ಲ! ಈ ಮನೆಯಲ್ಲಿ ಸಣ್ಣ ಮಕ್ಕಳೂ ಇಲ್ಲ.

– ಮಕ್ಕಳಿಗಲ್ಲ ಮಾವ, ನನಗೇ. ಯಾರದೋ ಮಗು ಆಡಿ ಬಿಟ್ಟ ಕಡಲ್ಗಳ್ಳರ ಹಡಗು, ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ನಮ್ಮ ಆಟಕ್ಕೆ ಇಂಥದ್ದೇ ಬೇಕಿತ್ತು.

– ಆ ಸಿಪಾಯಿಗಳ ಆಟವಾ? ಇಸ್ಪೀಟು, ಕೇರಂ, ಚೆಸ್ಸು ಯಾವುದೂ ಸಾಲದೆ ಹೋಯ್ತಾ?

– ಚೆಸ್ಸಿನಲ್ಲಿ ಚೌಕದ ಮನೆಗಳು, ಇದರಲ್ಲಿ ಅಳತೆಪಟ್ಟಿ. ಕಾಲಾಳು ಒಂದು ಸರದಿಗೆ ಇಷ್ಟು ಇಂಚು ನಡೆಯಬಹುದು, ಬಂದೂಕು ಇಷ್ಟು ಇಂಚು ದೂರ ಹೊಡೆಯಬಹುದು, ಗುಂಡು ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. 1824ರಲ್ಲಿ ಪ್ರಶ್ಯಾದ ಸೈನ್ಯಾಧಿಕಾರಿ ರೈಸ್ವಿಟ್ಜ್ ನಕ್ಷೆಯ ಮೇಲೆ ಇಂಥ ಆಟ ಆಡಿಸಿ ತನ್ನವರಿಗೆ ಯುದ್ಧದ ಪಾಠ ಹೇಳಿಕೊಟ್ಟ. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದು ಅದನ್ನು ಮನೆಯ ನೆಲಕ್ಕೆ, ಆಟಿಕೆ ಸಿಪಾಯಿಗಳಿಗೆ ಇಳಿಸಿದ. ಸ್ಪ್ರಿಂಗಿನ ತೋಪಿನಿಂದ ಕಡ್ಡಿ ಹಾರಿಸಿ ಎದುರಾಳಿಯ ಸಿಪಾಯಿಗಳನ್ನು ಬೀಳಿಸುವುದು ಅವನ ಆಟ.

– ಅದರಲ್ಲಿ ಹಡಗೆಲ್ಲಿ ಬಂತು? ನಮ್ಮ ಚದುರಂಗದಲ್ಲೂ ಆನೆ, ಕುದುರೆ, ಒಂಟೆ. ನೀರಿಗೆ ಇಳಿದವರು ಯಾರೂ ಇಲ್ಲ.

– ಬಂಗಾಳದವರ ಚದುರಂಗದಲ್ಲಿ ಮೂಲೆಯ ಕಾಯಿ ನೌಕೆಯೇ. ಹಡಗುಗಳದ್ದೇ ಬೇರೆ ಆಟಗಳೂ ಇವೆ. ಯುದ್ಧನೌಕೆಗಳ ದೊಡ್ಡ ವಾರ್ಷಿಕ ಪುಸ್ತಕ ತರುತ್ತಿದ್ದ ಫ್ರೆಡ್ ಜೇನ್ 1898ರಲ್ಲೇ ಒಂದು ನೌಕಾ ಯುದ್ಧದಾಟ ಹೊರತಂದ. ಆಮೇಲೆ ನ್ಯೂಯಾರ್ಕಿನಲ್ಲಿ ಫ್ಲೆಚರ್ ಪ್ರ್ಯಾಟ್ ಎಂಬ ಲೇಖಕ ಕೆತ್ತಿದ ಮರದ ಹಡಗುಗಳನ್ನು ದೊಡ್ಡ ಕೋಣೆಯ ನೆಲದ ತುಂಬ ಹರಡಿ ಆಡಿಸುತ್ತಿದ್ದ. ಆಡುವವರು ನೆಲಕ್ಕೆ ಮಂಡಿಯೂರಿ, ದೂರವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಗುಂಡು ಹಾರಿಸಬೇಕು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಲಿವರ್‌ಪೂಲಿನ ಕಥೆ. 1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ತಡೆಯಲಾಗದೆ ಬ್ರಿಟಿಷ್ ನೌಕಾಪಡೆ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಕೈಯಲ್ಲಿ ಒಂದು ಘಟಕ ಶುರುಮಾಡಿಸಿತು. ನೆಲವೇ ಅಟ್ಲಾಂಟಿಕ್. ಸೀಮೆಸುಣ್ಣ ಹಿಡಿದು ಹಡಗುಗಳನ್ನು ಸರಿಸುವವರು ಇಪ್ಪತ್ತರ ಆಸುಪಾಸಿನ ಹುಡುಗಿಯರು. ಹಡಗಿನ ಕಮಾಂಡರುಗಳು ಪರದೆಯ ತೂತಿನಿಂದಷ್ಟೇ ಇಣುಕಬೇಕು, ಸಮುದ್ರದಲ್ಲಿ ಕಾಣುವಷ್ಟೇ ಕಾಣಬೇಕು. ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಂದು ದಿನ ತಾನೇ ಜಲಾಂತರ್ಗಾಮಿಯ ಕಡೆ ಆಡಲು ಕೂತ. ಎದುರಿಗೆ ಜಾನೆಟ್ ಓಕೆಲ್ ಎಂಬ ಹುಡುಗಿ. ಐದು ಸಲ ಆಡಿ ಐದು ಸಲವೂ ಸೋತ.

– ಭಲೇ! ಸರಿ, ಆ ಹುಡುಗಿಯರ ಹಡಗು ಎಷ್ಟು ದೊಡ್ಡದಿತ್ತು?

– ಬೆರಳ ತುದಿಯಷ್ಟು.

– ಮತ್ತೆ ನೀನು ಈ ಕುಂಬಳಕಾಯಿ ತಂದದ್ದು ಯಾಕೆ?

– ಅಲ್ಲೇ ಇರುವುದು ವಿಷಯ. 1961ರ ಡಿಸೆಂಬರ್ 18ರಂದು ಮುರಗಾಂವ್ ಬಂದರಿನಲ್ಲಿ ನಡೆದದ್ದು ನಿಮಗೆ ಗೊತ್ತಲ್ಲ?

– ಗೊತ್ತಿಲ್ಲದೆ? ಪೋರ್ಚುಗೀಸರ ‘ಅಫೊನ್ಸೊ ದಿ ಅಲ್ಬುಕರ್ಕ್’, ನಮ್ಮ ‘ಬೇತ್ವಾ’, ‘ಬಿಯಾಸ್’. ಅವರ ಹಡಗು ಏಟು ತಿಂದು ಬಾಂಬೋಳಿ ಬದಿಯ ಮರಳಿಗೆ ಹತ್ತಿ ಕೂತಿತಂತೆ. ಬಾರ್ಜಿನಲ್ಲಿ ಹಳಬರು ಆ ಜಾಗ ಬೆರಳಿಟ್ಟು ತೋರಿಸುತ್ತಿದ್ದರು.

– ಆ ಹಡಗಿನ ಉದ್ದ ನೂರು ಮೀಟರಿಗೆ ತುಸು ಹೆಚ್ಚು. ನನ್ನ ಸಿಪಾಯಿಗಳು 28 ಮಿಲಿಮೀಟರಿನವರು, ಅಂದರೆ ನಿಜದ ಆಳಿನ 56ರಲ್ಲಿ ಒಂದು ಪಾಲು. ಅದೇ ಲೆಕ್ಕಕ್ಕೆ ಆ ಹಡಗು ಮಾಡಿದರೆ 1.8 ಮೀಟರು. ನಮ್ಮ ಮೇಜೇ ಆರಡಿ, ಅದರ ಉದ್ದ ಪೂರಾ ಒಂದೇ ಹಡಗಿಗೆ ಹೋಯ್ತು. ಎದುರಿನ ಹಡಗು ಒಂದು ಕಿಲೋಮೀಟರು ದೂರದಲ್ಲಿದೆ ಅಂದರೂ ಅದನ್ನು 18 ಮೀಟರು ಆಚೆ ಇಡಬೇಕು.

– ಅಂದರೆ ಗೇಟು ದಾಟಿ ರಸ್ತೆ ಮೇಲೆ. ಕದಂಬ ಬಸ್ಸು ಬಂದು ನಿನ್ನ ಬೇತ್ವಾವನ್ನು ಮುಳುಗಿಸಿ ಹೋಗುತ್ತದೆ.

– ಅದಕ್ಕೇ ಅಂಥ ಕದನಕ್ಕೆ 1200ರಲ್ಲಿ ಒಂದು ಪಾಲಿನ ಹಡಗು, ಎಂಟೂವರೆ ಸೆಂಟಿಮೀಟರು ಸಾಕು. ಅಷ್ಟು ಸಣ್ಣದರ ಮೇಲೆ ಮನುಷ್ಯ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಕಾದಾಡುವುದು ಹಡಗುಗಳೇ. ಮನುಷ್ಯರು ಕಾದಾಡಬೇಕು, ಏಣಿ ಹತ್ತಬೇಕು, ಹಡಗಿನ ಅಟ್ಟದ ಮೇಲೆ ಕತ್ತಿ ಬೀಸಬೇಕು ಅಂದರೆ ಹಡಗು ದೊಡ್ಡದಾಗಲೇಬೇಕು. ಹಡಗು ದೊಡ್ಡದಾದ ಕೂಡಲೇ ಸಮುದ್ರ ಸಣ್ಣದಾಗುತ್ತದೆ. ಎರಡಡಿ ಹಡಗು ಆರಡಿ ಮೇಜಿನಲ್ಲಿ ಎರಡು ಸಲ ಮುಂದೆ ಸರಿದರೆ ಯಾತ್ರೆ ಮುಗಿಯಿತು.

– ಹಾಗಾದರೆ ಅದು ಓಡುವ ಹಡಗಲ್ಲ.

– ಅಲ್ಲ! ಇದನ್ನೇ ನಾನು ನಮ್ಮ ಆಟದವರಿಗೆ ಹೇಳಿ ಹೇಳಿ ಸೋತದ್ದು. ದೊಡ್ಡ ಆಟಿಕೆ ಹಡಗು ತಂದವರೆಲ್ಲ ಮೊದಲು ಬರೆಯುವುದು ಅದು ಹೇಗೆ ಓಡಬೇಕು, ಹೇಗೆ ತಿರುಗಬೇಕು, ಗಾಳಿ ಯಾವ ಕಡೆ ಅನ್ನುವ ನಿಯಮ. ಪುಟಗಟ್ಟಲೆ. ಆಡಲು ಕೂತರೆ ಹಡಗು ತಿರುಗುವಾಗ ಅರ್ಧ ಸಿಪಾಯಿಗಳು ಉರುಳುತ್ತಾರೆ, ಪಟದ ಹಗ್ಗಕ್ಕೆ ಅಂಗಿ ತೋಳು ಸಿಕ್ಕಿ ಕೂವೆಕಂಬ ಮುರಿಯುತ್ತದೆ. ನನ್ನ ಲೆಕ್ಕದಲ್ಲಿ ಮೇಜಿನ ಮೇಲೆ ಇಷ್ಟು ದೊಡ್ಡ ಹಡಗು ವಾಹನವೇ ಅಲ್ಲ, ಅದೊಂದು ಜಾಗ. ಸುತ್ತ ನೀರಿರುವ ಕೋಟೆ. ಅದು ನಿಂತಲ್ಲೇ ನಿಲ್ಲಬೇಕು, ಸುತ್ತಲಿನವರು ಓಡಾಡಬೇಕು.

– ನಿಂತೇ ಇದ್ದ ಹಡಗಿನ ಯುದ್ಧ ಎಲ್ಲಿಂದ ತರುತ್ತೀಯ? ಸಮುದ್ರಕ್ಕೆ ಇಳಿದ ಮೇಲೆ ಯಾರಾದರೂ ಸುಮ್ಮನೆ ನಿಲ್ಲುತ್ತಾರಾ?

– ಮಳೆಗಾಲದಲ್ಲಿ ಮಾಂಡವಿ ನದಿಯ ಬಾರ್ಜುಗಳು ಮುರಗಾಂವ್‌ಗೆ ಹೇಗೆ ಹೋಗುತ್ತಿದ್ದವು ಮಾವ?

– ಕುಂಭಾರಜುವೆ ಕಾಲುವೆ ಹಿಡಿದು ಜುವಾರಿ ನದಿಗೆ ಬಂದು ಹೋಗಬೇಕು. ಮಾಂಡವಿ ಸಮುದ್ರ ಸೇರುವ ಆಗ್ವಾದದ ಬಾಯಿ ಮಳೆಗಾಲದಲ್ಲಿ ದಾಟಲಿಕ್ಕಾಗುವುದಿಲ್ಲ. ಅಲ್ಲಿ ಮರಳ ದಿಬ್ಬ, ಮೇಲಿಂದ ಪಶ್ಚಿಮದ ಅಲೆ. ನಮಗೆ ಆ ತೊಂದರೆ ಇರಲಿಲ್ಲ. ನಮ್ಮ ಅದಿರು ಸಾವರ್ಡೆಯಿಂದ ನೇರ ಜುವಾರಿಗೆ. ಏನೇ ಅನ್ನು, ಮಾಂಡವಿಯ ಬಾಯಿ ಜೂನ್ ಬಂದರೆ ಬಾಗಿಲು ಹಾಕಿದ ಹಾಗೆ.

– 1510ರಲ್ಲಿ ಆ ಬಾಗಿಲೊಳಗೆ ಸಿಕ್ಕಿಬಿದ್ದವನು ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್.

– ಆ ಹಡಗಿನ ಹೆಸರಿನವನೇ?

– ಅವನೇ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಹೆಚ್ಚು ಕಾದಾಟವಿಲ್ಲದೆ ಗೋವೆಯೊಳಗೆ ಬಂದ. ಮೇ ತಿಂಗಳಲ್ಲಿ ಬಿಜಾಪುರದ ಆದಿಲ್ ಶಾಹಿ ಸೈನ್ಯ ದೊಡ್ಡದಾಗಿ ಬಂದು ಒತ್ತಿತು. ಪಟ್ಟಣ ಬಿಟ್ಟು ಹಡಗು ಹತ್ತಿದರು. ಹೊರಗೆ ಹೋಗಲು ಬಾಯಿ ಮುಚ್ಚಿದೆ, ಒಳಗೆ ದಡದ ಮೇಲೆ ಶತ್ರು. ಆಗಸ್ಟಿನವರೆಗೂ ನದಿಯಲ್ಲೇ ಲಂಗರು. ಪಣಜಿಯಲ್ಲಿ ಆದಿಲ್ ಶಾಹಿ ಅರಮನೆ ಇದೆಯಲ್ಲ, ಹಳೆಯ ಸೆಕ್ರೆಟರಿಯೇಟು, ಆಗ ಅದು ಕೋಟೆ. ಅಲ್ಲಿಂದ ತೋಪಿನ ಗುಂಡು ಬೀಳುತ್ತಿತ್ತು. ಊಟ ಮುಗಿದು ಇಲಿ, ತೊಗಲು ತಿನ್ನುವ ಸ್ಥಿತಿ. ಆದಿಲ್ ಶಾಹ ಒಮ್ಮೆ ಆಹಾರ ಕಳಿಸುತ್ತೇನೆ ಅಂದನಂತೆ. ಅಲ್ಬುಕರ್ಕ್ ಬಂದ ದೂತರ ಎದುರಿಗೆ ಉಳಿದ ಒಂದು ಪೀಪಾಯಿ ವೈನು, ಒಂದಿಷ್ಟು ಬಿಸ್ಕತ್ತು ಹರಡಿಸಿ, ನಮ್ಮಲ್ಲಿ ಬೇಕಾದಷ್ಟಿದೆ ಅಂತ ತೋರಿಸಿದ.

– ಘಾಟಿ ಮನುಷ್ಯ.

– ಕೊನೆಗೆ ತಾಳಲಾರದೆ ಪಣಜಿ ಕೋಟೆಯ ಮೇಲೆಯೇ ದಾಳಿ ಮಾಡಿ ತೋಪು ಹೊತ್ತು ತಂದರು. ನೋಡಿ ಮಾವ, ಓಡಲಾಗದ ಹಡಗು, ದಡದ ಕೋಟೆ, ನಡುವೆ ಓಡಾಡುವ ಸಣ್ಣ ದೋಣಿಗಳು, ಮಳೆ. ದೊಡ್ಡ ಆಟಿಕೆ ಹಡಗಿಗೆ ಹೇಳಿ ಮಾಡಿಸಿದ ಕದನ. ನಿಲ್ಲಿಸಿದ್ದಕ್ಕೆ ನಾನು ನೆವ ಹುಡುಕಬೇಕಿಲ್ಲ, ಮುಂಗಾರೇ ನಿಲ್ಲಿಸಿದೆ.

– ಅದು ಸರಿ. ಆದರೆ ಹಡಗಿನ ಆಕಾರ ನೋಡು. ಇಷ್ಟು ಗಿಡ್ಡ, ಇಷ್ಟು ಡೊಳ್ಳು. ಇಂಥದನ್ನು ಯಾವ ಬಡಗಿ ಕಟ್ಟಿದ್ದ?

– ಅದರಲ್ಲೊಂದು ತಮಾಷೆ ಇದೆ. ಈ ಆಟಿಕೆ ಮಾಡಿದ್ದು ಏಳೂವರೆ ಸೆಂಟಿಮೀಟರಿನ ಬೊಂಬೆಗಳಿಗೆ. ಆ ಬೊಂಬೆಯ ಲೆಕ್ಕಕ್ಕೆ ಈ ಅರವತ್ತು ಸೆಂಟಿಮೀಟರಿನ ಹಡಗು ಹದಿನಾಲ್ಕು ಮೀಟರು, ಮೀನುಗಾರರ ದೋಣಿಯಷ್ಟು. ಕಾರ್ಖಾನೆಯವರು ಉದ್ದ ಕತ್ತರಿಸಿಯೇ ಮಾಡುತ್ತಾರೆ, ಇಲ್ಲದಿದ್ದರೆ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ನನ್ನ ಸಣ್ಣ ಸಿಪಾಯಿಯನ್ನು ನಿಲ್ಲಿಸಿದರೆ ಅದೇ ಹಡಗು 33 ಮೀಟರು ಮೀರುತ್ತದೆ. ಆ ಕಾಲದ ದೊಡ್ಡ ಪೋರ್ಚುಗೀಸ್ ಹಡಗು ‘ಫ್ಲೋರ್ ದೊ ಮಾರ್’, 1502ರಲ್ಲಿ ಲಿಸ್ಬನ್‌ನಲ್ಲಿ ಕಟ್ಟಿದ್ದು, 400 ಟನ್ನಿನದು, ಸುಮಾರು 36 ಮೀಟರು ಎನ್ನುತ್ತಾರೆ. ತನ್ನ ಬೊಂಬೆಗಳಿಗೆ ಕುಳ್ಳಾದ ಹಡಗು ನನ್ನ ಸಿಪಾಯಿಗಳಿಗೆ ಸರಿಹೊಂದಿತು. ಆ ಕಾಲದ ಹಡಗುಗಳೂ ಹೊಟ್ಟೆ ದಪ್ಪದವೇ. ಅಟ್ಟ ಅಗಲವಾದದ್ದು ನಮಗೂ ಅನುಕೂಲ, ಸಿಪಾಯಿಗಳ ಕಾಲಡಿಯ ಒಂದಿಂಚಿನ ಬಿಲ್ಲೆ ಆರಾಮಾಗಿ ಕೂರುತ್ತದೆ.

– ಎಲ್ಲ ಸರಿಹೊಂದಿತಾ? ಈ ಕಟಕಟೆ ನಿನ್ನ ಸಿಪಾಯಿಯ ಮೂಗಿನವರೆಗೆ ಬಂದಿದೆಯಲ್ಲ.

– ಮನುಷ್ಯ ಮುಟ್ಟುವ ವಸ್ತುಗಳೆಲ್ಲ ತಪ್ಪು. ಕಟಕಟೆ, ಬಾಗಿಲು, ಏಣಿ ಮೆಟ್ಟಿಲು, ತೋಪು. ಅಟ್ಟದ ಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಸಾಲಾಗಿ ಅಂಟಿಸಿ ನೆಲ ಎತ್ತರಿಸಿದರೆ ಕಟಕಟೆ ಸೊಂಟಕ್ಕೆ ಇಳಿಯುತ್ತದೆ. ಬಾಗಿಲು ಮುಚ್ಚಿ ಸಣ್ಣದು ಕೊರೆಯಬೇಕು. ಈ ಚುಕ್ಕಾಣಿ ಚಕ್ರ ಕಿತ್ತು ಎಸೆಯಬೇಕು. ಹಡಗಿಗೆ ಚಕ್ರ ಬಂದದ್ದು ಹದಿನೆಂಟನೇ ಶತಮಾನದ ಹೊತ್ತಿಗೆ, ಅಲ್ಬುಕರ್ಕನ ಕಾಲಕ್ಕೆ ಚುಕ್ಕಾಣಿ ತಿರುಗಿಸಲು ಉದ್ದ ಮರದ ತೊಲೆ. ತಲೆಬುರುಡೆ ಬಾವುಟವೂ ಹೋಗಬೇಕು. ತೋಪು, ಪೀಪಾಯಿಗಳನ್ನು ಮಾತ್ರ ಚನ್ನಪಟ್ಟಣದಲ್ಲಿ ಕಡೆಸಬೇಕು ಅಂತಿದ್ದೇನೆ. ಹಾಲೆ ಮರದಲ್ಲಿ ದುಂಡಗಿನದು ಏನು ಬೇಕಾದರೂ ಅವರು ತೆಗೆದುಕೊಡುತ್ತಾರೆ.

– ಹಡಗನ್ನೇ ಅವರಿಂದ ಮಾಡಿಸಬಹುದಿತ್ತು.

– ತಿರುಗುವ ಯಂತ್ರದಲ್ಲಿ ಕಡೆದದ್ದು ದುಂಡಗೇ ಬರುವುದು ಮಾವ, ಹಡಗಿನ ಹೊಟ್ಟೆ ಬರುವುದಿಲ್ಲ. ಅದಕ್ಕೆ ಕೆತ್ತುವವರು ಬೇಕು. ಈ ಪ್ಲಾಸ್ಟಿಕ್ಕಿನದೇ ಆಗಬಹುದು, ಬಣ್ಣ ಹೊಡೆದರೆ ಯಾರಿಗೆ ಗೊತ್ತು? ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತೊಳೆದು, ಪ್ರೈಮರ್ ಹೊಡೆದು, ಕಂದು ಬಣ್ಣ. ಮೇಲಿಂದ ನೀರಾದ ಕಪ್ಪು ಬಣ್ಣ ಬಳಿದರೆ ಸಂದುಗಳಲ್ಲಿ ಕೂತು ಹಲಗೆಯ ಸಾಲು ತಾನಾಗಿ ಎದ್ದು ಕಾಣುತ್ತದೆ. ಪಟ ಕಟ್ಟುವ ಅಡ್ಡಮರಕ್ಕೆ ನಿಮ್ಮ ಮನೆಯ ಹಿಡಿಸೂಡಿ ಕಡ್ಡಿ ಇದೆ. ಕೂವೆಗಳನ್ನು ತೆಗೆದಿಡುವ ಹಾಗೆ ಮಾಡುತ್ತೇನೆ, ನೋಡಲು ಬಂದವರಿಗೆ ಹಚ್ಚಿ ತೋರಿಸುವುದು, ಆಡುವಾಗ ಕಳಚುವುದು. ಹಗ್ಗಗಳು ಬೇಡವೇ ಬೇಡ.

– ಇಲ್ಲಿ ಕೇಳು. ತಳವನ್ನು ಎಲ್ಲಿ ಕೊಯ್ಯುತ್ತೀಯ?

– ಕೊಯ್ಯಲೇಬೇಕಾ? ಹಾಗೇ ಇಟ್ಟರೂ ನಡೆಯುತ್ತದೆ.

– ನಡೆಯುವುದಿಲ್ಲ. ನೀರು ಬಟ್ಟೆಯಾದರೆ ಹಡಗು ನೀರಿನ ಮೇಲೆ ಇಟ್ಟ ಪೆಟ್ಟಿಗೆಯಾಗಿ ಕಾಣುತ್ತದೆ, ನೀರಿನಲ್ಲಿ ಕೂತಂತೆ ಕಾಣುವುದಿಲ್ಲ. ಬಾರ್ಜು ನೋಡಿದ್ದೀಯಲ್ಲ? ಅದಿರು ತುಂಬಿದ್ದು ಬಂದರೆ ಅಂಚಿಗೂ ನೀರಿಗೂ ಗೇಣು ಅಂತರ, ದೂರದಿಂದ ಅದಿರಿನ ಗುಡ್ಡ ಒಂದೇ ತೇಲಿಬಂದ ಹಾಗೆ. ಖಾಲಿಯಾಗಿ ಮರಳುವಾಗ ಮನೆಯಷ್ಟು ಎತ್ತರ, ಕೆಳಗಿನ ಕೆಂಪು ಬಣ್ಣವೆಲ್ಲ ಹೊರಗೆ. ನಿನ್ನ ಅಲ್ಬುಕರ್ಕನ ಹಡಗಿನಲ್ಲಿ ಜೂನಿನಿಂದ ಆಗಸ್ಟಿನವರೆಗೆ ತಿನ್ನಲಿಕ್ಕೇ ಇಲ್ಲ ಅಂದೆ. ಅಕ್ಕಿ ಇಲ್ಲ, ಬಿಸ್ಕತ್ತು ಇಲ್ಲ, ಪೀಪಾಯಿ ಖಾಲಿ. ಹಾಗಾದರೆ ಹಡಗು ನೀರಿನಿಂದ ಎದ್ದು ನಿಂತಿರಬೇಕು. ಕೆಳಗೆ ಕಡಿಮೆ ಕೊಯ್ಯಿ. ಮುಚ್ಚಿರಬೇಕಾದ ಪಾಚಿಗಟ್ಟಿದ ಹಲಗೆ ಎರಡು ಸಾಲು ಹೊರಗೆ ಕಾಣಲಿ. ಹಸಿರು ಬಳಿ, ಸಿಂಪಿ ಹತ್ತಿದ ಹಾಗೆ ಬಿಳಿ ಚುಕ್ಕೆ ಇಡು. ತಿಳಿದವನಿಗೆ ಹಡಗು ಹಸಿದಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

– ಮಾವ, ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ.

– ಪುಸ್ತಕ ಬರೆದವರು ಬಾರ್ಜಿನಲ್ಲಿ ಕೆಲಸ ಮಾಡಿಲ್ಲ. ಎತ್ತರ ನಿಂತ ಹಡಗಿಗೆ ಏಣಿ ಹಚ್ಚಿ ಹತ್ತುವವನಿಗೆ ಕಷ್ಟ, ಅದನ್ನೂ ನಿನ್ನ ದಾಳದಲ್ಲಿ ಸೇರಿಸು. 2012ರಲ್ಲಿ ಗಣಿ ನಿಂತಾಗ ನದಿಯುದ್ದ ಹಾಗೇ ಎದ್ದು ನಿಂತ ಬಾರ್ಜುಗಳು, ಸಾಲಾಗಿ. ಹೋಗಲಿ ಬಿಡು. ನನಗೆ ಬೇರೆ ಸಂಶಯ. ಇಷ್ಟು ಲೆಕ್ಕ ಹಾಕಿಯೂ ಕೊನೆಗೆ ಹಡಗು ಸ್ವಲ್ಪ ಸಣ್ಣದು, ಮನುಷ್ಯ ಸ್ವಲ್ಪ ದೊಡ್ಡವನು. ಅದು ಸುಳ್ಳಲ್ಲವಾ?

– ಗೋವಾ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ವೀರಗಲ್ಲು ಇದೆ, ಹಡಗಿನ ಯುದ್ಧ ಕೆತ್ತಿದ್ದು. ಮುಂಬೈಯ ಬೋರಿವಲಿ ಹತ್ತಿರ ಏಕ್ಸಾರದಲ್ಲೂ ಅಂಥ ಕಲ್ಲುಗಳಿವೆ, ಹುಟ್ಟು ಹಾಕುತ್ತಿರುವ ಹಡಗುಗಳ ಸಾಲು. ಕಲ್ಲು ಕೆತ್ತಿದವನು ಕಡಲತೀರದವನು, ಹಡಗು ಎಷ್ಟು ದೊಡ್ಡದು ಅಂತ ಅವನಿಗೆ ಗೊತ್ತಿಲ್ಲದೆ ಇಲ್ಲ. ಆದರೂ ಹಡಗನ್ನು ಕುಗ್ಗಿಸಿ ವೀರರನ್ನು ದೊಡ್ಡದಾಗಿ ಕೆತ್ತಿದ. ಸತ್ತವನು ವೀರ, ಕಲ್ಲು ನಿಲ್ಲಿಸಿದ್ದು ಅವನಿಗೆ. ಹಡಗಿಗಲ್ಲ. ಮೇಲಿನ ಪಟ್ಟಿಕೆಯಲ್ಲಿ ಅವನು ಸ್ವರ್ಗಕ್ಕೆ ಹೋಗಬೇಕಲ್ಲ, ಮುಖ ಕಾಣದಿದ್ದರೆ ಅಪ್ಸರೆಯರಿಗೆ ಗುರುತು ಹೇಗೆ ಸಿಗಬೇಕು?

– ಕದಂಬರಿಗೆ ಹಡಗಿನ ಬಲ ಇತ್ತಾ? ಬನವಾಸಿಯಲ್ಲಿ ಎಲ್ಲಿಯ ಸಮುದ್ರ?

– ಇವರು ಗೋವೆಯ ಕದಂಬರು. ಈ ಸಾಂಗೆಯಿಂದ ದೂರವೇನಲ್ಲ, ಚಂದೋರ್ ಅವರ ಚಂದ್ರಪುರ. ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣ. ಶಾಸನಗಳನ್ನು ಕನ್ನಡದಲ್ಲೂ ಹಾಕಿಸಿದವರು, ಕಡಲ ವ್ಯಾಪಾರದಲ್ಲಿ ಬೆಳೆದವರು. ನಮ್ಮವರಿಗೆ ನೀರಿನ ಯುದ್ಧ ಹೊಸದಲ್ಲ ಮಾವ. ಬಸರೂರಿಗೆ 1665ರಲ್ಲಿ ಶಿವಾಜಿ ಹಡಗಿನಲ್ಲೇ ಬಂದು ಲೂಟಿ ಮಾಡಿದ. ಹೊನ್ನಾವರದಲ್ಲಿ 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಹಡಗುಗಳನ್ನು ಸುಟ್ಟ. ಆಟಕ್ಕೆ ಬೇಕಾದ್ದು ನಮ್ಮ ಕರಾವಳಿಯಲ್ಲೇ ಇದೆ. ಆದರೂ ಮೇಜಿನ ಹಡಗಿನವರೆಲ್ಲ ಕೆರಿಬಿಯನ್ನಿಗೇ ಹೋಗುತ್ತಾರೆ. ಆಟಿಕೆ ಅಲ್ಲಿಯದಾಗಿ ಬರುತ್ತದೆ, ಕಥೆಯೂ ಅದರ ಜೊತೆಗೇ ಬರುತ್ತದೆ.

– ಇರು. 1510ರಲ್ಲಿ ಆಗಸ್ಟಿನ ಮೇಲೆ ಏನಾಯಿತು? ನೀನು ಮಳೆಗಾಲಕ್ಕೇ ನಿಲ್ಲಿಸಿದೆ.

– ಹೊರಗೆ ಹೋದ, ಬಲ ಕೂಡಿಸಿಕೊಂಡು ನವೆಂಬರ್ 25ಕ್ಕೆ ವಾಪಸು ಬಂದು ಗೋವೆ ಹಿಡಿದ.

– ಆಮೇಲೆ?

– ಪಟ್ಟಣದ ಮುಸಲ್ಮಾನರನ್ನು ಕೊಲ್ಲಿಸಿದ. ಗಂಡಸು ಹೆಂಗಸು ಮಕ್ಕಳು ಅನ್ನದೆ. ಪೋರ್ಚುಗಲ್ಲಿನ ದೊರೆ ಮ್ಯಾನುಯೆಲ್‌ಗೆ ತಾನೇ ಕಾಗದದಲ್ಲಿ ಬರೆದಿದ್ದಾನೆ, ಅಡಗಿಸಿಯೂ ಇಲ್ಲ.

– ಅದನ್ನು ಮೇಜಿನ ಮೇಲೆ ಎಲ್ಲಿ ಇಡುತ್ತೀಯ?

– ಇಡುವುದಿಲ್ಲ. ಆಟ ಆಗಸ್ಟಿಗೆ ಮುಗಿಯುತ್ತದೆ.

– ಅನುಕೂಲವಾಯ್ತು. ಬೇಕಾದಲ್ಲಿ ಕೊಯ್ದೆ, ಹಡಗಿನ ತಳದ ಹಾಗೆ.

– ಕೊಯ್ಯದೆ ಏನು ಮಾಡಲಿ? ಕೊಂದದ್ದಕ್ಕೆ ದಾಳ ಉರುಳಿಸಲಾ? ಆಡಿದರೆ ಹೊಲಸು, ಆಡದಿದ್ದರೆ ಮುಚ್ಚಿಟ್ಟ ಹಾಗೆ. ನಾನು ಒಂದು ಯೋಚಿಸಿದ್ದೇನೆ. ಅಲ್ಬುಕರ್ಕನ ಕಡೆಯವನು ಆಗಸ್ಟಿನವರೆಗೆ ಉಳಿದರೆ ಆಟ ಗೆದ್ದ ಹಾಗೆ. ಗೆದ್ದವನ ಕೈಗೆ ಒಂದು ಚೀಟಿ. ಅದರಲ್ಲಿ ನವೆಂಬರಿನಲ್ಲಿ ಏನಾಯಿತು ಅನ್ನುವುದು ನಾಲ್ಕು ಸಾಲು. ಅವನು ಅದನ್ನು ಎಲ್ಲರೆದುರಿಗೆ ಗಟ್ಟಿಯಾಗಿ ಓದಬೇಕು.

– ಓದಿ?

– ಅಷ್ಟೇ. ಓದಿ ಸಾಮಾನು ಎತ್ತಿಡುವುದು.

– ಹುಂ. ಆಡುವವರು ಬೈಯುತ್ತಾರೆ.

– ಬೈಯಲಿ. ಆಟವಾಡಿ ಮನೆಗೆ ಹೋಗುವವನಿಗೆ ಸ್ವಲ್ಪ ಬೇಜಾರಾದರೆ ಏನೂ ಕೆಡುವುದಿಲ್ಲ.

– ಸರಿ, ಮೇಜು ಹೇಗೆ ಹಾಸುತ್ತೀಯ ಹೇಳು. ಮಾಂಡವಿ ಎಲ್ಲಿ?

– ಉದ್ದಕ್ಕೆ ನಡುವೆ. ನೀಲಿ ಬಟ್ಟೆ ತಂದಿದ್ದೇನೆ.

– ಜುಲೈಯಲ್ಲಿ ಮಾಂಡವಿ ನೀಲಿಯಾ? ಕೆಮ್ಮಣ್ಣಿನ ನೀರು ಮಾರಾಯ. ಕಂದು ಬಟ್ಟೆ ಹಾಸು. ಗಣಿ ಇಲ್ಲದ ಕಾಲದಲ್ಲೂ ಘಟ್ಟದ ಮಣ್ಣು ಇಳಿಯುತ್ತಲೇ ಇತ್ತು. ಸೆಳೆತ ಮೂಡಣದಿಂದ ಪಡುವಣಕ್ಕೆ, ಉಬ್ಬರ ಬಂದಾಗ ಮಾತ್ರ ತಡೆದು ನಿಲ್ಲುತ್ತದೆ. ದೋಣಿಗೆ ಅದರದ್ದೂ ಲೆಕ್ಕ ಬೇಕು, ಇಳಿತದಲ್ಲಿ ಕೆಳಕ್ಕೆ ಹೋಗುವವನಿಗೆ ನಾಲ್ಕು ಇಂಚು ಹೆಚ್ಚು.

– ಬರೆದುಕೊಂಡೆ. ಪಣಜಿ ಕೋಟೆ ಆ ಅಂಚಿಗೆ, ಥರ್ಮಾಕೋಲಿನಲ್ಲಿ ಕೊಯ್ದದ್ದು. ಅದಕ್ಕೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಹೋಗುತ್ತದೆ, ಬ್ರಷ್ಷಿನಲ್ಲೇ ಬಳಿಯಬೇಕು. ಪ್ರತಿ ಸರದಿಗೆ ಮೊದಲು ಮಳೆಯ ದಾಳ. ಜೋರು ಮಳೆ ಬಂದರೆ ಬತ್ತಿಯ ಬಂದೂಕು ಹಾರುವುದಿಲ್ಲ, ಕತ್ತಿ, ಬಿಲ್ಲು ಮಾತ್ರ. ಹಡಗಿನವನಿಗೆ ಊಟದ ಬಿಲ್ಲೆಗಳು, ಸರದಿಗೊಂದು ಕಡಿಮೆ. ಮುಗಿದರೆ ಸಿಪಾಯಿಗಳು ಮಾತು ಕೇಳುವುದಿಲ್ಲ. ನೀವು ಆದಿಲ್ ಶಾಹಿ ಕಡೆ ಆಡಿ ಮಾವ, ತೋಪು ಕೋಟೆ ಎಲ್ಲ ನಿಮ್ಮದು.

– ಬೇಡ. ಈ ಗಲಾಟೆಗೆ ಅಲ್ಬುಕರ್ಕನನ್ನು ಕರೆದು ತಂದವನು ಒಬ್ಬನಿದ್ದನಲ್ಲ, ಹೊನ್ನಾವರದವನು?

– ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ತಿಮೋಜ. ಕೆಂಪು ಸಮುದ್ರಕ್ಕೆ ಯಾಕೆ ಹೋಗುತ್ತೀರಿ, ಗೋವೆ ಹಿಡಿಯಿರಿ ಅಂದವನು. ವಿಜಯನಗರದ ಕಡೆಯ ನಂಟು, ಸ್ವಂತದ ಹಡಗುಪಡೆ, ಕಡಲಲ್ಲಿ ಅಡ್ಡ ಹಾಕುವುದು ಕಸುಬು. ಮೊದಲ ಸಲ ಗೋವೆ ಹೊಕ್ಕಾಗ ಪೋರ್ಚುಗೀಸರ ಜೊತೆಗಿದ್ದ.

– ನನಗೆ ಅವನು ಬೇಕು. ಹೊನ್ನಾವರ ನಮ್ಮ ಬದಿ.

– ಅವನಿಗೆ ಬೇರೆ ಆಟಗಾರ ಇಲ್ಲ ಮಾವ. ಅಲ್ಬುಕರ್ಕನ ಕಡೆಯ ಪಟ್ಟಿಯಲ್ಲೇ ಬರುತ್ತಾನೆ.

– ತಿಮ್ಮಯ್ಯ ಯಾರ ಪಟ್ಟಿಯಲ್ಲೂ ಇದ್ದವನಲ್ಲ. ಅವನನ್ನು ಮೂರನೆಯವನನ್ನಾಗಿ ಮಾಡು. ರಾತ್ರಿ ದೋಣಿಯಲ್ಲಿ ಅಕ್ಕಿ ತರುವವನು ಅವನು. ಹಡಗಿಗೆ ಕೊಡುತ್ತಾನೋ ದಡದವರಿಗೆ ಮಾರುತ್ತಾನೋ, ಅದು ಅವನ ಇಷ್ಟ.

– ಹಾಗಾದರೆ ಆಟವೇ ನಿಮ್ಮ ಕೈಗೆ ಹೋಯ್ತು. ಚರಿತ್ರೆಯಲ್ಲಿ ಹಾಗಿಲ್ಲ.

– ಚರಿತ್ರೆಯಲ್ಲಿ ಈ ಹಡಗಿಗೆ ತಲೆಬುರುಡೆ ಬಾವುಟವೂ ಇರಲಿಲ್ಲ. ಎಷ್ಟು ದೋಣಿ ಕೊಡುತ್ತೀಯ?

– ಮೂರು.

– ಆರು. ಬಾಗಿಲ ಬಳಿ ಬಿದ್ದಿರುವ ಹಲಸಿನ ತುಂಡಿನಲ್ಲಿ ನಾನೇ ಕೆತ್ತಿಕೊಳ್ಳುತ್ತೇನೆ. ಮತ್ತೆ, ಉಬ್ಬರ ಯಾವ ಸರದಿಗೆ ಅಂತ ಮೊದಲೇ ಹೇಳಬೇಡ, ಅದಕ್ಕೂ ದಾಳ ಇರಲಿ.